ನಿಯಮ ಇಬ್ಬರಿಗೂ ಇರಲಿ



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಕುವೈತ್ ದೇಶದಲ್ಲಿ ಮನೆಕೆಲಸ ಮಾಡಿ ಬಂದವರು. ಮಾಲೀಕರ ಮನೆಯಲ್ಲೇ ಉಳಿದು ದುಡಿದವರು. ಅವರ ಹೆಸರು ಇಲ್ಲಿ ಬೇಡ. ಅಕ್ಕ ಅಂತಲೇ ಕರೆಯೋಣ.

ಒಂದು ದಿನ ಪಾಠ ಮುಗಿದ ಮೇಲೆ ನಾವು ಕೇಳಿದೆವು. "ಅಕ್ಕಾ, ಅಲ್ಲಿ ಯಾವುದು ಕಷ್ಟ ಆಯ್ತು? ಕೆಲಸವೋ, ಬಿಸಿಲೋ?"

ಅಕ್ಕ ನಕ್ಕರು. "ಕೆಲಸ ಎಲ್ಲಿದ್ರೂ ಕೆಲಸವೇ. ಬಿಸಿಲು ನಮಗೇನು ಹೊಸದಾ? ಆ ಮನೇಲಿ ಯಾವುದು ಸರಿ, ಯಾವುದು ತಪ್ಪು ಅಂತ ಗೊತ್ತಾಗ್ಲಿಲ್ಲ ನೋಡಿ, ಅದೇ ಕಷ್ಟ. ಬೈಸಿಕೊಂಡು ಬೈಸಿಕೊಂಡು ಕಲಿತೆ."

ಅಕ್ಕ ಹೇಳಿದ್ದನ್ನು ಓದೋಣ.

ಗೊತ್ತಿಲ್ಲದ ಮನೆ

ಅಕ್ಕ ಅಲ್ಲಿಗೆ ಹೋದಾಗ ರಂಜಾನ್ ತಿಂಗಳು. ಮನೆಯವರೆಲ್ಲ ಹಗಲು ಉಪವಾಸ. ಸೂರ್ಯ ಮುಳುಗಿದ ಮೇಲೆ ಊಟ. ಅಕ್ಕನಿಗೆ ಮಧ್ಯಾಹ್ನ ಹಸಿವಾಯಿತು. ಒಂದು ರೊಟ್ಟಿ ತೆಗೆದುಕೊಂಡರು. ನಮ್ಮೂರ ಜಗಲಿಯಲ್ಲಿ ಕೂತ ಹಾಗೆ ಗೇಟಿನ ಹೊರಗೆ ಕೂತು ತಿಂದರು. ಒಡತಿ ಓಡಿ ಬಂದರು. ಕೈ ಹಿಡಿದು ಒಳಗೆ ಎಳೆದರು. ಜೋರಾಗಿ ಕೂಗಾಡಿದರು. "ತಿನ್ನೋಕೂ ಬಿಡಲ್ವಲ್ಲ" ಅಂತ ಅಕ್ಕ ರಾತ್ರಿಯೆಲ್ಲ ಅತ್ತರು.

ನಿಜ ಏನು? ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಜನರ ಎದುರು ತಿನ್ನುವುದು, ಕುಡಿಯುವುದು ಕುವೈತಿನಲ್ಲಿ ಅಪರಾಧ. ಪೊಲೀಸರು ಹಿಡಿಯಬಹುದು. ಒಳಗೆ ಅಡುಗೆಮನೆಯಲ್ಲಿ ತಿನ್ನಬಹುದಿತ್ತು. ಒಡತಿ ಕೂಗಿದ್ದು ಹೆದರಿಕೆಯಿಂದ. ಈ ಒಂದು ಮಾತು ಮೊದಲೇ ಹೇಳಿದ್ದರೆ ಕಣ್ಣೀರು ಬೇಕಿರಲಿಲ್ಲ.

ಇನ್ನೊಂದು ದಿನ ಅಕ್ಕ ಫೋನಿನಲ್ಲಿ ಮಗನಿಗೆ ಆ ಮನೆ ತೋರಿಸಿದರು. ಮನೆಯ ಹೆಣ್ಣುಮಕ್ಕಳು ತಲೆಗೆ ಬಟ್ಟೆ ಇಲ್ಲದೆ ಕೂತಿದ್ದರು. ಅವರನ್ನು ಹಾಗೆ ಹೊರಗಿನವರು ನೋಡಬಾರದು. ಅವತ್ತೂ ಬೈಗುಳ.

ಅಕ್ಕನ ವಿಷಯ ಒಡತಿಗೂ ಗೊತ್ತಿರಲಿಲ್ಲ. ಅಕ್ಕ ದನದ ಮಾಂಸ ತಿನ್ನುವುದಿಲ್ಲ. ತಟ್ಟೆಯಲ್ಲಿ ಹಾಗೇ ಬಿಟ್ಟರು. "ನಮ್ಮ ಅನ್ನಕ್ಕೆ ಅವಮಾನ ಮಾಡ್ತಾಳೆ" ಅಂದುಕೊಂಡರು ಒಡತಿ.

ಎರಡು ಪಟ್ಟಿ

ಆ ಮನೆಯ ಡ್ರೈವರ್ ಕೇರಳದವರು. ಅವರಿಗೆ ಹಿಂದಿ ಬರುತ್ತಿತ್ತು. ಅರಬ್ಬಿಯೂ ಬರುತ್ತಿತ್ತು. ಅಕ್ಕನಿಗೂ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಒಂದು ಸಂಜೆ ಅವರ ಮೂಲಕ ಒಡತಿಯೂ ಅಕ್ಕನೂ ಕೂತು ಮಾತಾಡಿದರು. ಆಗ ಅಕ್ಕನಿಗೆ ಓದು ಬರುತ್ತಿರಲಿಲ್ಲ. ಮನೆಯ ಮಗಳು ಗಡಿಯಾರ, ತಟ್ಟೆ, ಫೋನು, ಬಾಗಿಲು ಅಂತ ಚಿತ್ರ ಬರೆದಳು. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು.

ಒಡತಿಯ ಮಾತು:
1. ಮನೆಯವರ ಫೋಟೋ, ವಿಡಿಯೋ ತೆಗೆಯಬಾರದು.
2. ಗಂಡಸರು ಸೇರುವ ಕೋಣೆಗೆ ದಿವಾನಿಯಾ ಎನ್ನುತ್ತಾರೆ. ಅಲ್ಲಿ ಜನ ಇರುವಾಗ ಕಸ ಗುಡಿಸಲು ಹೋಗಬಾರದು.
3. ಹೇಳದೆ ಮನೆಯಿಂದ ಹೊರಗೆ ಹೋಗಬಾರದು.

ಅಕ್ಕನ ಮಾತು:
1. ದನದ ಮಾಂಸ ಬೇಡ. ಕೋಳಿ, ಮೀನು ಆಗಬಹುದು.
2. ರಾತ್ರಿ ಮಲಗಿದ ಮೇಲೆ ಚಹಾಕ್ಕೆ ಎಬ್ಬಿಸಬಾರದು.
3. ಶುಕ್ರವಾರ ರಜೆ. ಅವತ್ತು ಊರಿಗೆ ಫೋನು.
4. ಮಲಗುವ ಕೋಣೆಗೆ ಒಳಗಿನಿಂದ ಚಿಲಕ.

"ಚಿಲಕ ಹಾಕಿದ ದಿನ ಚೆನ್ನಾಗಿ ನಿದ್ದೆ ಬಂತು" ಅಂದರು ಅಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು.

ಪಟ್ಟಿಯಲ್ಲಿ ಬಿಟ್ಟುಹೋದದ್ದು

ಅಕ್ಕನ ಪಾಸ್‌ಪೋರ್ಟ್ ಮೊದಲ ದಿನವೇ ಯಜಮಾನರ ಕೈ ಸೇರಿತ್ತು. "ಅದೂ ಮನೆಯ ನಿಯಮವೇ ಇರಬೇಕು" ಅಂದುಕೊಂಡರು ಅಕ್ಕ. ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂತು. ಯಜಮಾನರು ಪರದೇಶಕ್ಕೆ ಹೋಗಿದ್ದರು. ಅವರು ಬಂದು ಬೀರು ತೆಗೆದು ಪಾಸ್‌ಪೋರ್ಟ್ ಕೊಡುವಷ್ಟರಲ್ಲಿ ಹನ್ನೆರಡು ದಿನ. ಇಲ್ಲಿ ಹನ್ನೊಂದನೇ ದಿನದ ಕಾರ್ಯವೂ ಮುಗಿದಿತ್ತು. "ಅವರು ಕೆಟ್ಟವರಲ್ಲ. ನಾನು ಕೇಳ್ಲಿಲ್ಲ. ಕೇಳಬಹುದು ಅಂತಲೇ ನಂಗೊತ್ತಿರಲಿಲ್ಲ" ಅಂದರು ಅಕ್ಕ.

ಇದನ್ನು ನಾವೆಲ್ಲ ನೆನಪಿಡಬೇಕು. ಪಾಸ್‌ಪೋರ್ಟ್ ಕಿತ್ತಿಡುವುದು ಮನೆಯ ನಿಯಮ ಅಲ್ಲ. ಕುವೈತಿನಲ್ಲಿ ಮನೆಕೆಲಸದವರಿಗಾಗಿ 2015ರಲ್ಲಿ ಒಂದು ಕಾನೂನು ಬಂತು. ಕೆಲಸದವರ ಒಪ್ಪಿಗೆ ಇಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಾಗಿಲ್ಲ. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ. ವಾರಕ್ಕೆ ಒಂದು ದಿನ ರಜೆ, ವರ್ಷಕ್ಕೆ 30 ದಿನ ಸಂಬಳದ ರಜೆ ಕೊಡಬೇಕು. 2011ರಲ್ಲಿ ಜಿನೀವಾದಲ್ಲಿ ಲೋಕದ ದೇಶಗಳ ಸಭೆಯೂ ಇಂಥದೇ ಒಪ್ಪಂದ ಮಾಡಿತು. ಕೆಲಸದ ಷರತ್ತು ಮೊದಲೇ ತಿಳಿಸಬೇಕು, ಕಾಗದಪತ್ರ ಕೆಲಸದವರ ಕೈಯಲ್ಲೇ ಇರಬೇಕು ಎನ್ನುತ್ತದೆ ಅದು. ಎಲ್ಲ ದೇಶಗಳೂ ಇದನ್ನು ಜಾರಿಗೆ ತಂದಿಲ್ಲ. ಆದರೂ ನಾವು ಕೇಳಲು ಇದು ಆಧಾರ.

ಬೆಂಗಳೂರಿನಲ್ಲೂ ಹೀಗೇ

ಪರದೇಶಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ಒಂದು ಮನೆಯಲ್ಲಿ ಹಿಂದಿ, ಪಕ್ಕದ ಮನೆಯಲ್ಲಿ ತಮಿಳು. ಒಬ್ಬರ ಅಡುಗೆಮನೆಗೆ ಮೊಟ್ಟೆ ತರುವ ಹಾಗಿಲ್ಲ. ಇನ್ನೊಬ್ಬರ ಮನೆಯಲ್ಲಿ ದಿನಾ ಮೀನು. ಮೊಟ್ಟೆ ತರಬೇಡಿ ಅನ್ನುವುದು ಆ ಮನೆಯ ಪದ್ಧತಿ. ನಡೆಸಿಕೊಡೋಣ. ಆದರೆ ಜಾತಿ ನೋಡಿ ಲೋಟ ಬೇರೆ ಇಡುವುದು ಪದ್ಧತಿ ಅಲ್ಲ. ಅದು ಅಸ್ಪೃಶ್ಯತೆ. ನಮ್ಮ ಸಂವಿಧಾನ ಅದನ್ನು ನಿಷೇಧಿಸಿದೆ.

ಮನೆಕೆಲಸಕ್ಕೂ ಕನಿಷ್ಠ ಕೂಲಿ ಇದೆ. ಕರ್ನಾಟಕದಲ್ಲಿ 2004ರಲ್ಲೇ ಗೊತ್ತುಮಾಡಿದರು. ಮೈಮುಟ್ಟಿ ಕಾಟ ಕೊಟ್ಟರೆ 2013ರ ಕಾನೂನು ಇದೆ. ಅದರ ಪ್ರಕಾರ ನಾವು ದುಡಿಯುವ ಮನೆಯೂ ಕೆಲಸದ ಜಾಗವೇ. ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಹಾಯಕ್ಕೆ 181, ತುರ್ತಿಗೆ 112. ಈ ಎರಡು ನಂಬರು ಬಾಯಿಪಾಠ ಮಾಡೋಣ.

ಹೊರಡುವ ಮೊದಲು

ಹತ್ತನೇ ತರಗತಿ ಪಾಸಾಗದ, 30 ವರ್ಷ ತುಂಬದ ಹೆಣ್ಣುಮಕ್ಕಳಿಗೆ ಕುವೈತಿನಂಥ ದೇಶಕ್ಕೆ ಮನೆಕೆಲಸಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ ಸಿಗುವುದಿಲ್ಲ. "ಪ್ರವಾಸಿ ವೀಸಾದಲ್ಲಿ ಕಳಿಸ್ತೀನಿ, ಆಮೇಲೆ ಸರಿ ಮಾಡ್ತೀನಿ" ಅನ್ನುವ ದಲ್ಲಾಳಿಯನ್ನು ನಂಬಬಾರದು. ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು.

ಈಗ ಅಕ್ಕನಿಗೆ ಓದಲು, ಬರೆಯಲು ಬರುತ್ತದೆ. ಮೊನ್ನೆ ತಾವೇ ಕನ್ನಡದಲ್ಲಿ ಆ ಪಟ್ಟಿ ಬರೆದು ತಂದರು. ತಮ್ಮ ಮಾತಿನ ಕೊನೆಗೆ ಐದನೆಯದನ್ನು ಸೇರಿಸಿದ್ದರು. ಅಕ್ಷರ ಸ್ವಲ್ಪ ಸೊಟ್ಟ. ಆದರೆ ಸ್ಪಷ್ಟ.

"5. ನನ್ನ ಪಾಸ್‌ಪೋರ್ಟ್ ನನ್ನ ಹತ್ತಿರ ಇರಬೇಕು."

ಉತ್ತರ ಹೇಳಿ
1. ಒಡತಿ ಅಕ್ಕನನ್ನು ಒಳಗೆ ಎಳೆದದ್ದು ಯಾಕೆ?
2. ಅಕ್ಕನಿಗೆ ಊರಿಗೆ ಬರಲು ತಡವಾದದ್ದು ಯಾಕೆ?
3. ಮೊಟ್ಟೆ ತರಬೇಡಿ ಅನ್ನುವುದಕ್ಕೂ ಲೋಟ ಬೇರೆ ಇಡುವುದಕ್ಕೂ ಏನು ವ್ಯತ್ಯಾಸ?

ಮಾಡಿ ನೋಡಿ
ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಮನೆಯವರ ಮಾತು ಬರೆಯಿರಿ. ಬಲಗಡೆ ನಿಮ್ಮ ಮಾತು ಬರೆಯಿರಿ. ಬಲಗಡೆ ಖಾಲಿ ಬಿಡಬೇಡಿ.