ಬಿಟ್ಟಿ ಅನ್ನುವ ಮುಂಚೆ

ಬಾದಾಮಿಯಿಂದ ಮಹಾಕೂಟಕ್ಕೆ ಹೊರಟಾಗ ಬಸ್ಸಿನಲ್ಲಿ ಸೀಟು ಸಿಗದೆ, ‘ಬಿಟ್ಟಿ ಬಸ್ ಆದಮ್ಯಾಲ ಹೆಣ್ಮಕ್ಳು ಮನಿಯಾಗ ನಿಲ್ಲವಲ್ರು’ ಅಂತ ಗೊಣಗುವವರೇ, ತುಸು ತಡೀರಿ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ಸೀಟಿನಲ್ಲಿ ಕೂತ ಆ ತಾಯಿ ಕೂಲಿಗೋ ದವಾಖಾನೆಗೋ ಹೊರಟಿರಬಹುದು. ದೇವರಿಗೇ ಹೊರಟಿದ್ದರೂ ತಪ್ಪೇನು? ಮಹಾಕೂಟದ ಪುಷ್ಕರಣಿಯಲ್ಲಿ ಮುಳುಗು ಹಾಕುವ ಆಸೆ ರೊಕ್ಕಸ್ಥರಿಗಷ್ಟೇ ಇರುತ್ತದೆಯೇ!

‘ಗೃಹಲಕ್ಷ್ಮಿಯಿಂದ ಜನ ಸೋಮಾರಿ ಆದ್ರು’ ಅನ್ನುವುದು ಇನ್ನೊಂದು ಮಾತು. ಲೆಕ್ಕ ಹಾಕಿ ನೋಡ್ರಿ: ಮನೆಯೊಡತಿಗೆ ಸಿಗುವುದು ತಿಂಗಳಿಗೆ 2000 ರೂಪಾಯಿ. 2024-25ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅಂದರೆ ಆರು ದಿನದ ಕೂಲಿಗೂ ಕಡಿಮೆ. ಇಷ್ಟರಲ್ಲಿ ಇಡೀ ತಿಂಗಳು ಯಾರ ಒಲೆ ಉರಿದೀತು? ಇಳಕಲ್ಲಿನ ಮಗ್ಗದ ಮನೆಗಳಲ್ಲಿ ನೂಲು ಸುತ್ತುತ್ತ ಕೂತ ಹೆಂಗಸರನ್ನು ಒಮ್ಮೆ ನೋಡಿಬನ್ನಿ; ಆ ದುಡಿಮೆಗೆ ಬೇರೆ ಕೂಲಿ ಎಣಿಸುವವರು ಕಡಿಮೆ. ‘ನಮ್ಮ ತೆರಿಗೆ ದುಡ್ಡು’ ಅಂತೀರಿ, ಸರಿ. ಅವರು ಕೊಳ್ಳುವ ಸಾಬೂನಿಗೂ ಜಿಎಸ್‌ಟಿ ಇದೆ.

ಟೀಕಿಸುವ ಪುರುಸೊತ್ತಿದ್ದರೆ ಹೀಗೆ ಮಾಡಿ. ದುಡಿದು ಬೆರಳಿನ ಗೆರೆ ಸವೆದ ಮುದುಕಿಯ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಯಂತ್ರ ಎಷ್ಟೋ ಸಲ ಒಪ್ಪುವುದಿಲ್ಲ. ಅಂಥವರನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ಹೊಸದಾಗಿ ಕೊಡಿಸಿ. ಅರ್ಜಿ ಬರೆಯಲು ಬಾರದಿದ್ದರೆ ಬರೆದುಕೊಡಿ.