ಮಿದುಳು ಮತ್ತು ಎರಡನೆಯ ನುಡಿ

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ತಾಂಡಾಗಳಲ್ಲಿ ಮಕ್ಕಳು ತಾಯಿಯ ಮಡಿಲಲ್ಲಿ ಕಲಿಯುವ ನುಡಿ ಲಂಬಾಣಿ. ನವಲಗುಂದದ ಅನೇಕ ಮುಸ್ಲಿಂ ಮನೆಗಳ ಮಾತು ಉರ್ದು. ಈ ಮಕ್ಕಳಲ್ಲಿ ಹಲವರಿಗೆ ಕನ್ನಡವು ಎರಡನೆಯ ನುಡಿ. ಅದು ಸಂತೆಯಲ್ಲಿಯೂ ಶಾಲೆಯಲ್ಲಿಯೂ ದೊರೆಯುವ ನುಡಿ. ಕನ್ನಡವೇ ಮನೆಮಾತಾದವರಿಗೂ ಮುಂದೆ ಇಂಗ್ಲಿಷು ಬಂದು ಸೇರುತ್ತದೆ. ಒಂದು ನುಡಿ ಬೇರೂರಿದ ಮಿದುಳಿನಲ್ಲಿ ಇನ್ನೊಂದಕ್ಕೆ ಎಡೆ ದೊರೆಯುವುದು ಹೇಗೆ? ಮೊದಲನೆಯದು ಎರಡನೆಯದಕ್ಕೆ ಅಡ್ಡಿಯಾಗುವುದೇ?

ಮಾತಿಗೂ ಮಿದುಳಿಗೂ ಇರುವ ಸಂಬಂಧವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಪ್ರಮುಖನು. 1861ರಲ್ಲಿ ಅವನು ಪರೀಕ್ಷಿಸಿದ ರೋಗಿಯೊಬ್ಬನು ಇತರರ ಮಾತನ್ನು ತಿಳಿಯಬಲ್ಲವನಾಗಿದ್ದರೂ ‘ಟಾನ್’ ಎಂಬ ಒಂದೇ ಉಲಿಯನ್ನು ನುಡಿಯುತ್ತಿದ್ದನು. ಅವನು ತೀರಿಕೊಂಡ ಬಳಿಕ ನೋಡಲಾಗಿ, ಮಿದುಳಿನ ಎಡಬದಿಯ ಮುಂಭಾಗವು ಕೆಟ್ಟಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆಯು, ಕೇಳಿದ ಮಾತನ್ನು ಗ್ರಹಿಸುವ ಕೇಂದ್ರವು ಅದೇ ಬದಿಯಲ್ಲಿ ಹಿಂದಕ್ಕೆ ಇದೆಯೆಂದು ತಿಳಿಸಿದನು. ಜೀವಂತ ಮಿದುಳಿನ ಚಿತ್ರ ತೆಗೆಯುವ ಯಂತ್ರಗಳು ಬಂದ ಮೇಲೆ ಇನ್ನೊಂದು ಸಂಗತಿಯೂ ಬೆಳಕಿಗೆ ಬಂದಿತು. ಎರಡು ನುಡಿಗಳಿಗೆ ಮಿದುಳಿನಲ್ಲಿ ಬೇರೆ ಬೇರೆ ಕೋಣೆಗಳಿಲ್ಲ. ಬಹುಮಟ್ಟಿಗೆ ಅವೇ ಕೇಂದ್ರಗಳು ಎರಡಕ್ಕೂ ದುಡಿಯುತ್ತವೆ. ಒಂದನ್ನು ಆಡುವಾಗ ಇನ್ನೊಂದು ಪೂರ್ಣವಾಗಿ ನಿದ್ರಿಸುವುದಿಲ್ಲ. ಅದನ್ನು ತಡೆದು ತಕ್ಕ ಪದವನ್ನು ಆರಿಸುವ ಹೊಣೆ ಮಿದುಳಿನದು.

ಹೊಸ ನುಡಿಗಾಗಿ ಮಿದುಳು ಮಾರ್ಪಡುವುದಕ್ಕೆ ಚೀನೀ ಭಾಷೆಯ ಕಲಿಕೆ ಒಳ್ಳೆಯ ನಿದರ್ಶನ. ಕನ್ನಡದಲ್ಲಿ ದನಿಯ ಏರಿಳಿತವು ಪ್ರಶ್ನೆಯನ್ನೋ ಕೋಪವನ್ನೋ ಸೂಚಿಸೀತು. ಪದದ ಅರ್ಥವನ್ನು ಬದಲಿಸದು. ಚೀನೀ ಭಾಷೆಯಲ್ಲಾದರೋ ‘ಮಾ’ ಎಂಬ ಉಚ್ಚಾರವು ದನಿಯ ಭೇದದಿಂದ ತಾಯಿ, ಸೆಣಬು, ಕುದುರೆ, ಬೈಯುವುದು ಎಂಬ ಅರ್ಥಗಳನ್ನು ಕೊಡುತ್ತದೆ. ‘ಬಳೆ’ ಮತ್ತು ‘ಬಾಳೆ’ಗಳ ಭೇದವನ್ನು ಕನ್ನಡಿಗರ ಕಿವಿ ಹಿಡಿಯುವಷ್ಟೇ ಸುಲಭವಾಗಿ ಚೀನೀಯರ ಕಿವಿ ಇದನ್ನು ಹಿಡಿಯುತ್ತದೆ. ಚೀನೀ ಕಲಿಯುತ್ತಿದ್ದ ಕೆಲವು ಅಮೆರಿಕನ್ನರಿಗೆ ಈ ದನಿಗಳಲ್ಲಿ ಎರಡು ವಾರ ಅಭ್ಯಾಸ ಮಾಡಿಸಿದ ಪ್ರಯೋಗವೊಂದರ ಫಲ 2003ರಲ್ಲಿ ಪ್ರಕಟವಾಯಿತು. ಅವರ ಮಿದುಳಿನ ಎಡಬದಿಯಲ್ಲಿ ಮಾತನ್ನು ಗ್ರಹಿಸುವ ಕೇಂದ್ರದ ಚಟುವಟಿಕೆ ವಿಸ್ತಾರಗೊಂಡಿತ್ತು. ಬಲಬದಿಯ ಮುಂಭಾಗವೂ ಕೆಲಸಕ್ಕೆ ತೊಡಗಿತ್ತು. ಹೊಸದು ಹಳೆಯದನ್ನು ಹೊರದೂಡಿರಲಿಲ್ಲ. ಅದರ ನೆರೆಯಲ್ಲಿಯೇ ನೆಲೆ ಕಂಡುಕೊಂಡಿತ್ತು.

ನಮ್ಮ ದೇಶದಲ್ಲಿಯೂ ಇಂತಹ ಶೋಧನೆ ನಡೆದಿದೆ. ಹೈದರಾಬಾದಿನಲ್ಲಿ ವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಅವರ ಸಂಗಡಿಗರು ಮರೆವಿನ ರೋಗಕ್ಕೆ ಗುರಿಯಾದ 648 ಜನರನ್ನು ಅಧ್ಯಯನ ಮಾಡಿ, 2013ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ನುಡಿ ಬಲ್ಲವರಿಗಿಂತ, ಎರಡು ಅಥವಾ ಹೆಚ್ಚು ನುಡಿ ಬಲ್ಲವರಲ್ಲಿ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಓದುಬರಹ ಅರಿಯದವರಲ್ಲಿಯೂ ಈ ಅಂತರ ಕಂಡುಬಂದಿತು. ಬೇರೆಡೆಯ ಎಲ್ಲ ಅಧ್ಯಯನಗಳೂ ಇದೇ ಫಲವನ್ನು ಕೊಟ್ಟಿಲ್ಲವಾದ್ದರಿಂದ ಶೋಧನೆ ಮುಂದುವರಿದಿದೆ.

ತರಗತಿಯಲ್ಲಿ ತಾಂಡಾದ ಬಾಲಕಿಯೊಬ್ಬಳು ಕನ್ನಡದ ಪದಕ್ಕಾಗಿ ತಡವರಿಸಿದರೆ, ನಡುವೆ ಲಂಬಾಣಿಯ ಪದವೊಂದು ನುಸುಳಿದರೆ, ಅವಳನ್ನು ಮಂದಮತಿಯೆಂದು ನಗುವುದು ತರವಲ್ಲ. ಆ ಕ್ಷಣದಲ್ಲಿ ಅವಳ ಮಿದುಳು ಎರಡು ನುಡಿಗಳ ನಡುವೆ ಆಯ್ಕೆ ನಡೆಸಿರುತ್ತದೆ. ಮನೆಮಾತು ಶಾಲೆಯ ನುಡಿಗೆ ಹೊರೆಯಲ್ಲ. ಎರಡನೆಯ ನುಡಿ ನಿಲ್ಲುವುದೇ ಅದರ ಅಡಿಪಾಯದ ಮೇಲೆ.