ಕಲ್ಲು ಹೊಡೆದವರು ಯಾರು?

ಆ ಬುಧವಾರ ಕಾಲೇಜಿನ ಗೇಟು ಐದೂ ಕಾಲಿಗೆ ತೆಗೆದಿದ್ದರೆ ನನ್ನ ಕಾಲು ನೆಟ್ಟಗಿರುತ್ತಿತ್ತು. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಗೇಟಿಗೂ ನಿಮ್ಮ ಕಾಲಿಗೂ ಎತ್ತಣ ಸಂಬಂಧ ಅನ್ನುತ್ತಾಳೆ. ಸಂಬಂಧ ಇದೆ, ಹೇಳುತ್ತೇನೆ.

ದಕ್ಷಿಣ ಬೆಂಗಳೂರಿನಲ್ಲಿ ನಮ್ಮದೊಂದು ಓಟಗಾರರ ಗುಂಪು. ಭಾನುವಾರ ಉದ್ದ ಓಟ, ಬುಧವಾರ ಇಂಟರ್ವಲ್. ಬುಧವಾರದ್ದಕ್ಕೆ ಒಂದು ಕಾಲೇಜಿನ ಮಣ್ಣಿನ ಟ್ರ್ಯಾಕು. ನನ್ನನ್ನು ಗುಂಪಿಗೆ ಎಳೆದುತಂದವನು ಭಾವಮೈದ. ನಮ್ಮ ಮದುವೆಯಲ್ಲಿ ಕಾಶಿಯಾತ್ರೆಗೆ ಹೊರಟ ನನ್ನನ್ನು ತಡೆದು ಮಂಟಪಕ್ಕೆ ಕರೆತಂದಾಗ ಅವನಿಗೆ ಹದಿನಾರು ವರ್ಷ. ಈಗ ನಲವತ್ತೊಂದು, ನನಗೆ ಐವತ್ತೆರಡು. ಆವತ್ತು ತಡೆದವನೇ ಇಪ್ಪತ್ತೈದು ವರ್ಷದ ಮೇಲೆ "ಬನ್ನಿ ಭಾವ, ಓಡೋಣ" ಅಂದ. 2008ರಲ್ಲಿ ನಮ್ಮೂರಿನ ವಿಶ್ವ 10ಕೆ ಓಟ ಮೊದಲ ಸಲ ನಡೆದಾಗ, ಭಾನುವಾರ ಬೆಳಿಗ್ಗೆ ರಸ್ತೆ ಬಂದ್ ಮಾಡಿದ್ದಾರಲ್ಲ ಎಂದು ಶಾಪ ಹಾಕಿದವನು ನಾನು. ಅಂಥವನು ಬೆಳಗಿನ ಜಾವ ನಾಲ್ಕೂಕಾಲಿಗೆ ಅಲಾರಂ ಇಟ್ಟು ಏಳುವಂತಾದೆ. "ನಿಮ್ಮನ್ನೇನು ಒಲಿಂಪಿಕ್ಸ್‌ಗೆ ಕರೆದಿದಾರಾ?" ಎಂದು ಹೊದಿಕೆಯೊಳಗಿಂದಲೇ ಕೇಳುವುದನ್ನು ಹೆಂಡತಿ ಮೂರನೇ ತಿಂಗಳಿಗೆ ಬಿಟ್ಟಳು.

ಗುಂಪಿನಲ್ಲಿ ಮೂರು ವಿಭಾಗ. ಎ ಗುಂಪಿನವರು 400 ಮೀಟರನ್ನು 84 ಸೆಕೆಂಡಿನಲ್ಲಿ ಮುಗಿಸಬೇಕು, ಬಿ ಗುಂಪಿನವರು 100ರಲ್ಲಿ, ಸಿ ಗುಂಪಿನವರು 116ರಲ್ಲಿ. ಒಂದು ಸುತ್ತು ಜೋರು, ಅರ್ಧ ಸುತ್ತು ನಿಧಾನದ ಜಾಗಿಂಗ್, ಹೀಗೆ ಹತ್ತು ಸಲ. ನಾನು 10 ಕಿಲೋಮೀಟರನ್ನು 52 ನಿಮಿಷದಲ್ಲಿ ಓಡುವವನು, ನನ್ನ ಜಾಗ ಸಿ. ಭಾವಮೈದ ಬಿ. ಏಪ್ರಿಲ್ ಕೊನೆಯ ಓಟದಲ್ಲಿ 50 ನಿಮಿಷದೊಳಗೆ ಬರಬೇಕೆಂಬ ಹುಳು ನನ್ನ ತಲೆ ಹೊಕ್ಕಿತ್ತು. ಅದಕ್ಕಿಂತ ದೊಡ್ಡ ಹುಳು ಇನ್ನೊಂದಿತ್ತು. ಯುಗಾದಿ, ದೀಪಾವಳಿಗೆ ಮಾವನವರ ಮನೆಯಲ್ಲಿ ಊಟಕ್ಕೆ ಕೂತಾಗ ಇವನು "ಭಾವ ಸಿ ಗ್ರೂಪಲ್ಲಿದಾರೆ" ಎಂದು ಹೋಳಿಗೆ ಬಡಿಸಿದಷ್ಟೇ ಪ್ರೀತಿಯಿಂದ ಹೇಳುತ್ತಿದ್ದ. ಹದಿನಾರು ಸೆಕೆಂಡಿನ ವ್ಯತ್ಯಾಸ ತಾನೇ ಎಂದು ಜನವರಿಯಲ್ಲಿ ನಾನು ಬಿ ಗುಂಪಿಗೆ ಹೋಗಿ ನಿಂತೆ. ಕೋಚ್ ಹುಬ್ಬೇರಿಸಿ ನೋಡಿದರು, ಏನೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇನ್ನೊಂದು ವಿಷಯವಿದೆ. ಆ ಬುಧವಾರಕ್ಕೆ ಎರಡು ವಾರ ಮೊದಲಿನಿಂದ ಎಡಗಾಲಿನ ಮೀನಖಂಡ ಬಿಗಿಯುತ್ತಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಹತ್ತು ಹೆಜ್ಜೆ ಕುಂಟು, ಕಾಫಿ ಕುಡಿಯುವ ಹೊತ್ತಿಗೆ ಸರಿ. ಇದನ್ನು ಕೋಚ್‌ಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಸಾಲದ್ದಕ್ಕೆ ಭಾವಮೈದನ ಮಾತು ಕೇಳಿ ಹೊಸ ಶೂ ಕೊಂಡಿದ್ದೆ. ಹಗುರ, ತೆಳು, ಹಿಮ್ಮಡಿಯ ಕಡೆ ಎತ್ತರ ಕಡಿಮೆ. ಹಿಮ್ಮಡಿ ತಗ್ಗಿದಷ್ಟೂ ಭಾರವೆಲ್ಲ ಮೀನಖಂಡಕ್ಕೇ ಬೀಳುತ್ತದೆ ಎಂಬುದನ್ನು ಅಂಗಡಿಯವನೂ ಹೇಳಲಿಲ್ಲ.

ಇನ್ನು ಗೇಟಿನ ವಿಷಯ. ಹಿಂದಿನ ವಾರವಷ್ಟೇ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಹೊಸ ಸುತ್ತೋಲೆ ಹೊರಡಿಸಿದ್ದರು: ಹೊರಗಿನವರಿಗೆ ಗೇಟು 5.45ಕ್ಕೆ ಮೊದಲು ತೆಗೆಯಕೂಡದು. ಕಾರಣ ಯಾರಿಗೂ ಗೊತ್ತಿಲ್ಲ. ನಾವು ಐದೂ ಕಾಲಿಗೆ ಸೇರಿದೆವು. ಬೆಂಗಳೂರಿನ ಜನವರಿ ಚಳಿ, ಉಸಿರು ಬಿಟ್ಟರೆ ಹೊಗೆ. ವಾಚ್‌ಮನ್ ಯಜಮಾನರು ಕನಕಪುರದ ಕಡೆಯವರು, ತಲೆಗೆ ಮಫ್ಲರ್ ಸುತ್ತಿಕೊಂಡು ಬೀಗದ ಕೈ ಜೇಬಿನಲ್ಲಿಟ್ಟು ಕೂತಿದ್ದರು. ಬುದ್ಧಿವಂತರೆಲ್ಲ ಕಾಂಪೌಂಡಿನ ಹೊರಗಿನ ರಸ್ತೆಯಲ್ಲೇ ಹೋಗಿ ಬಂದು ಮೈ ಬಿಸಿ ಮಾಡಿಕೊಳ್ಳತೊಡಗಿದರು. ನಾನು ಮಾತ್ರ ಗೇಟಿನ ಸರಳು ಹಿಡಿದು ವಾದಕ್ಕೆ ನಿಂತೆ. ಮೈದಾನಕ್ಕೆ ನಾವು ತಿಂಗಳಿಗೆ ಇಷ್ಟು ಕಟ್ಟುತ್ತೇವೆ, ರಸೀದಿ ಇದೆ, ನಿಮ್ಮ ಸಾಹೇಬರ ನಂಬರ್ ಕೊಡಿ ಎಂದು ಅರ್ಧ ಗಂಟೆ ಕೂಗಾಡಿದೆ. "ನನ್ನನ್ನ ಯಾಕೆ ಬಯ್ತೀರಾ ಸಾರ್, ಕೀ ನನ್ನ ಹತ್ರ ಇದ್ರೂ ಟೈಮು ಅವರ ಹತ್ರ ಐತೆ" ಅಂದರು. ಗೇಟು ತೆಗೆದಾಗ 5.50. ಏಳಕ್ಕೆ ಎನ್‌ಸಿಸಿ ಹುಡುಗರಿಗೆ ಮೈದಾನ ಬಿಟ್ಟುಕೊಡಬೇಕು. ಕೋಚ್ ಎರಡೇ ಸುತ್ತು ಓಡಿಸಿ ಸೀಟಿ ಊದಿದರು. ಉಳಿದವರ ಮೈಯಲ್ಲಿ ಆಗಲೇ ಬೆವರು. ನನ್ನಲ್ಲಿ ಬಿಸಿಯಾಗಿದ್ದು ತಲೆ ಒಂದೇ.

ಮೊದಲ ಮೂರು ಸುತ್ತು 99, 100, 100. ಭಾವಮೈದನ ಹೆಗಲಿಗೆ ಹೆಗಲು. ನಾಲ್ಕನೆಯದು 102, ಐದನೆಯದು 105. ಇಲ್ಲಿ ಒಂದು ಲೆಕ್ಕ ಇದೆ, ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಕೂತ ನನಗೆ ಅಲ್ಲೇ ಹೊಳೆಯಬೇಕಿತ್ತು. ಬಿ ಗುಂಪು ಅರ್ಧ ಸುತ್ತಿನ ಜಾಗಿಂಗನ್ನು ಸುಮಾರು 80 ಸೆಕೆಂಡಿನಲ್ಲಿ ಮುಗಿಸಿ ಎಲ್ಲರೂ ಒಟ್ಟಿಗೆ ಮುಂದಿನದಕ್ಕೆ ಹೊರಡುತ್ತದೆ. ನಾನು ಐದು ಸೆಕೆಂಡ್ ತಡವಾಗಿ ಬಂದರೆ ನನ್ನ ವಿರಾಮ 75. ಅದೂ ಅವರನ್ನು ಹಿಡಿಯಲು ಜಾಗಿಂಗನ್ನೇ ಜೋರಾಗಿ ಓಡಬೇಕು. ಅದರಿಂದ ಮುಂದಿನದು ಇನ್ನಷ್ಟು ನಿಧಾನ, ವಿರಾಮ ಇನ್ನಷ್ಟು ಕಡಿಮೆ. ಗುಂಪಿನಲ್ಲಿ ವಿಶ್ರಾಂತಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಎಲ್ಲರಿಗಿಂತ ಕಡಿಮೆ ಸಿಗುತ್ತದೆ. ಸಾಲ ತೀರಿಸಲು ಸಾಲ ಮಾಡುವ ಗ್ರಾಹಕರಿಗೆ ಕೌಂಟರಿನಲ್ಲಿ ಕೂತು ಎಷ್ಟು ಬುದ್ಧಿ ಹೇಳಿದ್ದೇನೋ!

ಆರನೆಯದು 107. ಭಾವಮೈದ ತಿರುಗಿ ನೋಡಿ, "ಭಾವ, ಬೇಕಾದ್ರೆ ಒಂದು ಬಿಟ್ಟುಬಿಡಿ" ಅಂದ. ಈ ಮಾತನ್ನು ಅವನು ಹೇಳದಿದ್ದರೆ ಬಿಟ್ಟುಬಿಡುತ್ತಿದ್ದೆ, ದೇವರಾಣೆಗೂ.

ಏಳನೆಯ ಸುತ್ತಿನ ಮೊದಲ ತಿರುವು, ಆಮೇಲಿನ ನೇರ ದಾರಿ ಚೆನ್ನಾಗಿಯೇ ಹೋಯಿತು. ಹಲ್ಲು ಕಚ್ಚಿ ಅವನ ಬೆನ್ನಿಗೆ ಅಂಟಿಕೊಂಡಿದ್ದೆ. ಪೂರ್ವದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಮೈದಾನದ ನಡುವೆ ನಾಲ್ಕೈದು ಹುಡುಗರು ಕ್ರಿಕೆಟ್ ಶುರುಮಾಡಿದ್ದರು. ಎರಡನೇ ತಿರುವಿನ ಅರ್ಧಕ್ಕೆ ಬಂದಿದ್ದೇನೆ, ಎಡಗಾಲಿನ ಹಿಂಭಾಗಕ್ಕೆ ಯಾರೋ ಕಲ್ಲು ಬೀರಿದರು. ಟಪ್ ಎಂದ ಸದ್ದು ನನ್ನ ಕಿವಿಗೆ ಕೇಳಿಸಿತು. ನಿಂತೆ, ತಿರುಗಿದೆ, ಎದುರಿಗೆ ಸಿಕ್ಕ ಹುಡುಗನ ಮೇಲೆ ಹರಿಹಾಯ್ದೆ: "ಯಾವನೋ ಅದು ಚೆಂಡು ಹೊಡೆದೋನು? ಕಣ್ಣು ಕಾಣಲ್ವಾ?" ಹುಡುಗ ಬೌಲಿಂಗಿಗೆ ಓಡಿಬರುತ್ತಿದ್ದವನು ಹಾಗೇ ನಿಂತ. ಕೈ ಮೇಲೆತ್ತಿ ತೋರಿಸಿದ. "ಅಂಕಲ್, ಬಾಲ್ ನನ್ನ ಕೈಯಲ್ಲೇ ಇದೆ."

ನೆಲ ನೋಡಿದೆ. ಕಲ್ಲೂ ಇಲ್ಲ, ಚೆಂಡೂ ಇಲ್ಲ. ಆ ಒಂದು ಗಳಿಗೆಯನ್ನು ನಾನು ಮರೆಯಲಾರೆ. ನೋವಿಗಿಂತ ಮೊದಲು ಹೆದರಿಕೆ ಬಂತು. ಹೊಡೆದವರು ಯಾರೂ ಇಲ್ಲ ಅಂದರೆ ಒಳಗೇ ಏನೋ ಕಿತ್ತುಹೋಗಿದೆ. ಹೆಜ್ಜೆ ಇಡಲು ನೋಡಿದೆ, ಹಿಮ್ಮಡಿ ನೆಲಕ್ಕೆ ಊರಲಿಲ್ಲ. ಬೆರಳ ತುದಿಯಲ್ಲಿ ಕೊಕ್ಕರೆಯ ಹಾಗೆ ನಿಂತಿದ್ದೆ. ಆಗಲೂ ತಲೆಯಲ್ಲಿ ಓಡುತ್ತಿದ್ದುದು ಏನು ಗೊತ್ತೆ? ಇನ್ನು 150 ಮೀಟರ್ ಇದೆ, ಕುಂಟಿಕೊಂಡಾದರೂ ಮುಗಿಸಿದರೆ ಏಳು ಎಂದು ಲೆಕ್ಕಕ್ಕೆ ಬರುತ್ತದೆ. ನಾಲ್ಕು ಹೆಜ್ಜೆ ಹಾಕಿದೆ. ಐದನೆಯದಕ್ಕೆ ಕಣ್ಣು ಕತ್ತಲಿಟ್ಟಿತು, ಮಣ್ಣಿನ ಮೇಲೆ ಕೂತುಬಿಟ್ಟೆ. ವಾಕಿಂಗಿಗೆ ಬಂದ ಹೆಂಗಸರಿಬ್ಬರು ಸುತ್ತು ಹಾಕುವವರು ನನ್ನನ್ನು ಬಳಸಿಕೊಂಡು ಹೋದರು, ಯೋಗ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು. ಮೊದಲು ಓಡಿಬಂದವನು ಆ ಬೌಲರ್ ಹುಡುಗನೇ, ನೀರಿನ ಬಾಟಲಿ ಹಿಡಿದು. ನಾನು ಅವನಿಗೆ ಸಾರಿ ಕೇಳಲಿಲ್ಲ. ಆಮೇಲೆ ಹುಡುಕಿದೆ, ಸಿಗಲಿಲ್ಲ.

ಭಾವಮೈದ ಸುತ್ತು ಮುಗಿಸಿ, ಕೈಗಡಿಯಾರದ ಗುಂಡಿ ಒತ್ತಿ, ಆಮೇಲೆ ಬಂದ. ಗುಂಡಿ ಒತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಂದವನು ಸುಮ್ಮನಿರಬಾರದೇ? "ಕ್ರ್ಯಾಂಪ್ ಭಾವ, ಕ್ರ್ಯಾಂಪ್" ಎಂದು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಚಪಾತಿ ಹಿಟ್ಟು ನಾದಿದ ಹಾಗೆ ನಾದಿದ. ಮನೆಗೆ ಬಂದ ಮೇಲೆ ಅತ್ತೆಯವರು ಎಳ್ಳೆಣ್ಣೆ ಬಿಸಿಮಾಡಿ ಇನ್ನೊಂದು ಸುತ್ತು ತಿಕ್ಕಿಸಿದರು. ಹರಿದ ಸ್ನಾಯುವನ್ನು ಹೊಸದರಲ್ಲಿ ತಿಕ್ಕಿದರೆ, ಶಾಖ ಕೊಟ್ಟರೆ ಒಳಗೆ ರಕ್ತ ಸೋರುವುದು ಹೆಚ್ಚುತ್ತದೆ. ಮಾಡಬೇಕಾದ್ದು ಐಸು, ಬಿಗಿಯಾದ ಪಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು. ಸಂಜೆಗೆ ಪಾದದ ಗಂಟಿನವರೆಗೆ ನೇರಳೆ ಹಣ್ಣಿನ ಬಣ್ಣ ಇಳಿಯಿತು. ಎದುರುಮನೆಯವರು ಬಂದು ಪುತ್ತೂರು ಕಟ್ಟು ಹಾಕಿಸಿ ಅಂದರು. ಮುರಿದದ್ದು ಮೂಳೆಯಲ್ಲ ಎಂದು ಹೇಳುವ ಚೈತನ್ಯವೂ ನನಗಿರಲಿಲ್ಲ.

ಡಾಕ್ಟರ ಬಳಿ ಹೋದದ್ದು ಮೂರನೆಯ ದಿನ. ಇದು ನನ್ನದೇ ತಪ್ಪು, ಇದನ್ನು ಯಾರ ತಲೆಗೂ ಕಟ್ಟಲಾರೆ. ನಾನು ಬಾಯಿ ಬಿಡುವ ಮೊದಲೇ ಅವರು "ಹಿಂದಿನಿಂದ ಯಾರೋ ಹೊಡೆದ ಹಾಗಾಯ್ತಾ? ತಿರುಗಿ ನೋಡಿದ್ರಾ?" ಎಂದು ಕೇಳಿದರು. ಎಲ್ಲರೂ ತಿರುಗಿ ನೋಡುತ್ತಾರಂತೆ. ಬೋರಲು ಮಲಗಿಸಿ ಮೀನಖಂಡ ಹಿಂಡಿದರು. ಪಾದ ಅಲ್ಲಾಡಿತು, ಅಂದರೆ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಗಟ್ಟಿಯಾಗಿದೆ. ಬಾವು ನೋಡಿ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೂ ಹೀಗೇ ಕಾಣುತ್ತದೆ ಎಂದು ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಹೆಪ್ಪು ಇರಲಿಲ್ಲ. ಮೀನಖಂಡದ ದೊಡ್ಡ ಸ್ನಾಯುವಿನ ಒಳಮಗ್ಗುಲು ಅರ್ಧ ಹರಿದಿತ್ತು. ನಡುವಯಸ್ಸಿನವರಿಗೆ ಹೆಚ್ಚಾಗಿ ಆಗುವ ಇದಕ್ಕೆ 'ಟೆನಿಸ್ ಲೆಗ್' ಎಂದು ಹೆಸರು. ಜನ್ಮದಲ್ಲಿ ರಾಕೆಟ್ ಮುಟ್ಟದವನಿಗೆ ಟೆನಿಸ್ ಕಾಲು ಬಂತು.

ಒಂದು ವಾರ ಊರುಗೋಲು, ಎರಡೂ ಶೂಗಳಲ್ಲಿ ಹಿಮ್ಮಡಿ ಎತ್ತರಿಸುವ ಪ್ಯಾಡು, ಆಮೇಲೆ ಕುರ್ಚಿಯಲ್ಲಿ ಕೂತು ಹಿಮ್ಮಡಿ ಎತ್ತುವ ವ್ಯಾಯಾಮ, ಆಮೇಲೆ ನಿಂತು. ಹಾಸಿಗೆಯಲ್ಲಿದ್ದಾಗ ಇಂಟರ್ವಲ್ ಬಗ್ಗೆ ಓದಿದೆ. ಓಡುವ ಮೊದಲು ಓದಬೇಕಿತ್ತು ಎಂದು ಮಗಳು ಅಂದಳು. ನನಗೆ ಗೊತ್ತಿದ್ದುದು ಜಾಟೊಪೆಕ್ ಒಬ್ಬನೇ. 400 ಮೀಟರನ್ನು ಹತ್ತಾರು ಸಲ ಓಡಿ ಓಡಿ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದವನು. ಜರ್ಮನಿಯಲ್ಲಿ ಗೆರ್ಷ್ಲರ್ ಎಂಬ ಕೋಚ್ ಹಾಗೂ ರೈಂಡೆಲ್ ಎಂಬ ಹೃದಯದ ವೈದ್ಯ ಸೇರಿ ಇದನ್ನು ಲೆಕ್ಕಕ್ಕೆ ಕೂರಿಸಿದ್ದರು. ಓಟದಲ್ಲಿ ನಾಡಿ 180ರ ಹತ್ತಿರ ಏರಬೇಕು, ವಿರಾಮದಲ್ಲಿ 120ಕ್ಕೆ ಇಳಿಯಬೇಕು, ಇಳಿದ ಮೇಲೆಯೇ ಮುಂದಿನದು. ಒಂದೂವರೆ ನಿಮಿಷದಲ್ಲಿ ಇಳಿಯದಿದ್ದರೆ ಓಡಿದ್ದೇ ಅತಿಯಾಯಿತು ಎಂದು ಅರ್ಥ. ಅವರ ಪ್ರಕಾರ ಹೃದಯ ಬಲಿಯುವುದು ಆ ವಿರಾಮದಲ್ಲೇ. ಇಂಟರ್ವಲ್ ಎಂಬ ಹೆಸರು ಬಂದಿದ್ದೂ ಓಟಕ್ಕಲ್ಲ, ನಡುವಿನ ವಿರಾಮಕ್ಕೆ. ಸಿನಿಮಾ ನೋಡುವ ಯಾರಿಗಾದರೂ ಗೊತ್ತಿರುವ ಅರ್ಥ ನನಗೆ ಹೊಳೆದಿರಲಿಲ್ಲ. ನನ್ನ ವಾಚಿನ ದಾಖಲೆ ತೆಗೆದು ನೋಡಿದೆ. ನಾಲ್ಕನೆಯ ಸುತ್ತಿನಿಂದ ಆಚೆಗೆ ನನ್ನ ನಾಡಿ 150ರ ಕೆಳಗೆ ಇಳಿದೇ ಇಲ್ಲ.

ಹೊಸಬರು ಕೇಳುತ್ತಾರೆ, ಅದಕ್ಕೆ ಹೇಳುತ್ತೇನೆ: ನಿಮ್ಮ ಈಗಿನ ವೇಗದ ಗುಂಪಿನಲ್ಲಿ ನಿಲ್ಲಿ, ಆಸೆಯ ವೇಗದ ಗುಂಪಿನಲ್ಲಲ್ಲ. ಚಳಿಯಲ್ಲಿ ಹದಿನೈದು ನಿಮಿಷವಾದರೂ ಮೈ ಬಿಸಿ ಮಾಡಿಕೊಳ್ಳಿ. ಕೊನೆಯ ಸುತ್ತು ಮೊದಲನೆಯದಕ್ಕಿಂತ ನಿಧಾನವಾದರೆ ಮೊದಲನೆಯದೇ ತಪ್ಪು. ಮೀನಖಂಡ ಬಿಗಿದರೆ ಬಾಯಿ ಬಿಟ್ಟು ಹೇಳಿ. ಇಷ್ಟೇ. ಇದೆಲ್ಲ ನನಗೂ ಮೊದಲೇ ಗೊತ್ತಿತ್ತು.

ಏಪ್ರಿಲ್‌ನಲ್ಲಿ ನಾನು ಓಡಲಿಲ್ಲ. ರಸ್ತೆ ಬದಿ ನಿಂತು ಭಾವಮೈದನಿಗೆ ಚಪ್ಪಾಳೆ ತಟ್ಟಿದೆ. ಅವನು 45 ನಿಮಿಷದೊಳಗೆ ಬರುತ್ತೇನೆ ಅಂದಿದ್ದ, 47 ಆಯಿತು. ನನಗೇನೂ ಸಂತೋಷವಾಗಲಿಲ್ಲ ಎಂದು ಹೆಂಡತಿಯ ಮುಂದೆ ಹೇಳಿದ್ದೇನೆ.

ಮೇ ತಿಂಗಳಿಂದ ಮತ್ತೆ ಸಿ ಗುಂಪು. ಇಲ್ಲಿ ಮುಂದಾಳು ಒಬ್ಬರು ನಿವೃತ್ತ ಟೀಚರ್, ವಯಸ್ಸು ಅರವತ್ತರ ಮೇಲೆ. ಅವರದೊಂದೇ ಕಾನೂನು: ವಿರಾಮದ ಲೆಕ್ಕ ಶುರುವಾಗುವುದು ಕೊನೆಯವರು ಗೆರೆ ದಾಟಿದ ಮೇಲೆ. ಮುಂದೆ ಬಂದವರು ಹಿಂದಕ್ಕೆ ಜಾಗ್ ಮಾಡಿ ಕೊನೆಯವರನ್ನು ಕರೆತರಬೇಕು. ಬಿ ಗುಂಪಿನ ಹುಡುಗರು ನೋಡಿ ನಗುತ್ತಾರೆ.

ಸುತ್ತೋಲೆ ಇನ್ನೂ ಹಾಗೇ ಇದೆ. ಮೂವತ್ತೊಂದು ಜನರ ಸಹಿ ಹಾಕಿಸಿ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟೆ, ಪರಿಶೀಲಿಸಲಾಗುವುದು ಅಂದರು. ನಾನು ಐದೂ ಕಾಲಿಗೆ ಹೋಗಿ ಹೊರಗಿನ ರಸ್ತೆಯಲ್ಲಿ ಹೋಗಿ ಬರುತ್ತಿರುತ್ತೇನೆ. ಕಳೆದ ಬುಧವಾರ ಯಜಮಾನರು ಮಫ್ಲರ್ ಸರಿಸಿ ಕೇಳಿದರು, "ಏನ್ ಸಾರ್, ಇವತ್ತೂ ಜಗಳ ಇಲ್ವಾ?"

"ಇಲ್ಲ ಯಜಮಾನ್ರೇ. ಐದೂ ಮುಕ್ಕಾಲಿಗೆ ಸರಿಯಾಗಿ ತೆಗೀರಿ, ಒಂದು ನಿಮಿಷ ಆಚೆ ಈಚೆ ಆಗೋ ಹಾಗಿಲ್ಲ" ಅಂದೆ.

ಆರು ನಿಮಿಷ ತಡ ಮಾಡಿದರು. ಗಡಿಯಾರ ನೋಡಿ ಬರೆದಿಟ್ಟುಕೊಂಡಿದ್ದೇನೆ.